ನಾಯಿ ಮತ್ತು ಬೀರು

'ನನ್ನ ಶಾಲೆ' ಅಂತ ವಿಷಯ ಕೊಟ್ಟರೆ ಇಡೀ ತರಗತಿ ಒಂದೇ ಪ್ರಬಂಧ ಬರೆಯುತ್ತೆ. ಬೇರೆ ಬೇರೆ ಕಥೆ ಬೇಕೇ? ಇಟಲಿಯ ಮಕ್ಕಳ ಸಾಹಿತಿ ಜಾನಿ ರೊದಾರಿ, ಕಲ್ಪನೆಯ ವ್ಯಾಕರಣದ ಬಗ್ಗೆ 1973ರಲ್ಲಿ ತಂದ ಪುಸ್ತಕದಲ್ಲಿ ಒಂದು ಸೊಗಸಾದ ಆಟ ಹೇಳ್ತಾರೆ.

ಒಂದು ಮಗು ಹಲಗೆಯ ಈ ಬದಿ ಒಂದು ಪದ ಬರೆಯಲಿ. ಇನ್ನೊಂದು ಮಗು, ಅದನ್ನು ನೋಡದೆ, ಆ ಬದಿ ಮತ್ತೊಂದು. ನಾಯಿ. ಬೀರು. ಎರಡಕ್ಕೂ ಸಂಬಂಧವೇ ಇಲ್ಲ. ಕಥೆ ಹುಟ್ಟೋದೇ ಅಲ್ಲಿ!

ಈಗ ವಿಭಕ್ತಿ ಸೇರಿಸಿ. ಬೀರುವಿನೊಳಗೆ ನಾಯಿ. ನಾಯಿಯ ಬೀರು. ಬೀರು ಹೊತ್ತ ನಾಯಿ. ನಾಯಿ ಒಳಗೆ ಯಾಕೆ ಅಡಗಿದೆ? ಅದರ ಬೀರುವಿನಲ್ಲಿ ಏನೇನು ಬಟ್ಟೆ? ಮಕ್ಕಳೇ ಕೇಳ್ತಾರೆ, ಮಕ್ಕಳೇ ಉತ್ತರ ಕಟ್ತಾರೆ.

ಕಾಗುಣಿತ ತಪ್ಪಿತು ಅಂತ ಆಗಲೇ ಕೆಂಪು ಪೆನ್ನು ಎತ್ತಬೇಡಿ, ದಯವಿಟ್ಟು. ಮೊದಲು ಕಥೆ ಮುಗಿಯಲಿ.

ನಾಳೆಯ ತರಗತಿಗೆ ಎರಡು ಪದ ನಾನೇ ಕೊಡ್ತೀನಿ: ಮೊಸಳೆ, ಕೊಡೆ.