ಅರ್ಥ ಗೊತ್ತಿತ್ತು, ದನಿ ಕೇಳಿಸಲಿಲ್ಲ

ನಾನು ಎಲ್‌ಕೆಜಿಯಿಂದಲೂ ಇಂಗ್ಲಿಷ್ ಮೀಡಿಯಂ. ಹಾಗಾಗಿ ಕಳೆದ ವರ್ಷ ಇಂಗ್ಲಿಷ್ ಕ್ಲಾಸಲ್ಲಿ ಜೊನಾಥನ್ ಸ್ವಿಫ್ಟ್ 1729ರಲ್ಲಿ ಬರೆದ ‘ಎ ಮಾಡೆಸ್ಟ್ ಪ್ರಪೋಸಲ್’ ಪ್ರಬಂಧ ಕೊಟ್ಟಾಗ ಒಂದೇ ಸಲಕ್ಕೆ ಓದಿ ಮುಗಿಸಿದೆ. ಐರ್ಲೆಂಡಿನ ಬಡತನಕ್ಕೆ ಅದರಲ್ಲಿರೋ ಪರಿಹಾರ ಏನು ಗೊತ್ತಾ? ಬಡವರ ಒಂದು ವರ್ಷದ ಮಕ್ಕಳನ್ನ ಉಳ್ಳವರ ಊಟಕ್ಕೆ ಮಾರೋದು! ಟೆಸ್ಟಲ್ಲಿ “ಲೇಖಕ ಕ್ರೂರಿ” ಅಂತ ಬರೆದೆ. ಹತ್ತಕ್ಕೆ ಎರಡು ಬಂತು.

ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿದ ನನ್ನ ರೂಮ್‌ಮೇಟ್‌ಗೆ ಎಂಟು. ಹೇಗೋ ಅಂತ ಕೇಳಿದ್ರೆ ‘ಡ್ಯಾಮ್’ ಅನ್ನೋ ಪದ ತೋರಿಸಿದ. ಮಗುವಿನ ತಾಯಿಗೆ ಸ್ವಿಫ್ಟ್ ಬಳಸಿದ ಪದ ಅದು. ನಾನು ಗೊತ್ತಿರೋ ಪದ ಅಂತ ದಾಟಿ ಹೋಗಿದ್ದೆ. ಅವನು ಡಿಕ್ಷನರಿ ನೋಡಿದ್ದ: ಪ್ರಾಣಿಯ ತಾಯಿ. “ಹಸು ಈಯುತ್ತೆ, ಹೆಂಗಸು ಹೆರ್ತಾಳೆ. ಹೆಂಗಸಿಗೆ ದನದ ಮಾತು ಹಾಕಿದಾನೆ ಅಂದ್ರೆ ಬೇಕಂತಲೇ ಕಣೋ” ಅಂದ.

ಅಲ್ಲಿಂದ ನಾನು ಕಲಿತದ್ದು ಮೂರು ವಿಷಯ.

ಒಂದು, ಪದಕ್ಕೆ ಅರ್ಥದ ಜೊತೆ ಒಂದು ಬಣ್ಣನೂ ಇರುತ್ತೆ. ‘ತೆಳ್ಳಗೆ’, ‘ಸಣಕಲು’ ಎರಡೂ ಒಂದೇ ಮೈಕಟ್ಟಿಗೆ ಹೇಳಬಹುದು. ಕೇಳಿಸಿಕೊಂಡವರ ಮುಖ ಮಾತ್ರ ಒಂದೇ ಥರ ಇರಲ್ಲ.

ಎರಡು, ಟೋನ್ ಅಂದರೆ ಬರೆದವರ ದನಿ. 1,20,000 ಮಕ್ಕಳಲ್ಲಿ 20,000 ತಳಿಗೆ ಇಟ್ಟುಕೊಂಡು 1,00,000 ಮಾರಿ ಅಂತ ತಣ್ಣಗೆ ಲೆಕ್ಕ ಹಾಕೋದು ಸ್ವಿಫ್ಟ್ ಸೃಷ್ಟಿಸಿದ ಪಾತ್ರ. ಕೊನೆ ಹತ್ತಿರ ಆ ಪಾತ್ರ, ದೇಶ ಬಿಟ್ಟು ಹೊರಗಿರೋ ಜಮೀನ್ದಾರರಿಗೆ ತೆರಿಗೆ ಹಾಕೋದು, ಸ್ವದೇಶಿ ಬಟ್ಟೆನೇ ತೊಡೋದು, ಇದನ್ನೆಲ್ಲ ನನ್ನ ಹತ್ರ ಹೇಳಲೇಬೇಡಿ ಅನ್ನುತ್ತೆ. ಸ್ವಿಫ್ಟ್‌ಗೆ ನಿಜವಾಗಿ ಬೇಕಿದ್ದದ್ದು ಅವೇ. ಸಿಟ್ಟು ಇರೋದು ಮಕ್ಕಳ ಮೇಲಲ್ಲ, ಹಸಿವನ್ನ ನೋಡ್ತಾ ಸುಮ್ಮನಿದ್ದವರ ಮೇಲೆ.

ಮೂರು, ಪ್ರಬಂಧದ ಜಾತಿ. ಕಥನ, ವರ್ಣನೆ, ವಿವರಣೆ, ವಾದ ಅಂತ ನಾಲ್ಕು ವಿಧ ಬಾಯಿಪಾಠ ಮಾಡಿದ್ವಿ. ಇದು ನೋಡೋಕೆ ವಾದ: ಸಮಸ್ಯೆ, ಅಂಕಿಅಂಶ, ಲಾಭಗಳ ಪಟ್ಟಿ, ಥೇಟ್ ನಮ್ಮ ಪ್ರಾಜೆಕ್ಟ್ ರಿಪೋರ್ಟ್. ಒಳಗಿರೋದು ವಿಡಂಬನೆ. ಹಾಗಾಗಿ ಈಗ ಏನೇ ಓದಿದರೂ “ಇದನ್ನ ಓದಿ ನಾನು ಏನು ಮಾಡಲಿ ಅಂತ ಇವರ ಆಸೆ?” ಅಂತ ಕೇಳಿಕೊಳ್ತೀನಿ.

ನಾನು ಮೊಬೈಲ್ ನೀರಿಗೆ ಬೀಳಿಸಿದ ದಿನ ಅಜ್ಜಿ “ಭಾರೀ ಘನಂದಾರಿ ಕೆಲಸ ಮಾಡ್ದೆ ಬಿಡು” ಅಂದಿದ್ರು. ಅದನ್ನ ಹೊಗಳಿಕೆ ಅಂದುಕೊಳ್ಳಲಿಲ್ಲವಲ್ಲ! ಆ ಕಿವಿ ಮನೆಯಲ್ಲೇ ಸಿಕ್ಕಿತ್ತು. ಇಂಗ್ಲಿಷ್ ಕ್ಲಾಸಿಗೆ ತಗೊಂಡು ಹೋಗೋದು ಮರೆತಿದ್ದೆ, ಅಷ್ಟೇ.