ಗಾಳಕ್ಕೆ ಮುನ್ನ ಬೆಳಕಿನ ಪಾಠ

ಜಟಿಂಗ ರಾಮೇಶ್ವರ ಬೆಟ್ಟದ ಸುತ್ತಲಿನ ಮೊಳಕಾಲ್ಮೂರು ಸೀಮೆ ಮಳೆ ಕಡಮೆಯಾದ ನಾಡು. ಇಂಥ ಒಣನಾಡಿನ ಕೆರೆಗಳಿಗೆ ಹೇಳಿಮಾಡಿಸಿದ ಮೀನು ಕೊರವ. ಕಿವಿರಿನ ಉಸಿರಾಟವೊಂದೇ ಅದಕ್ಕೆ ಸಾಲದು. ಆಗಾಗ ಮೇಲೆದ್ದು ಗಾಳಿಯನ್ನು ನುಂಗುತ್ತದೆ. ಆದುದರಿಂದಲೇ ನೀರು ಬತ್ತಿದಾಗ ತೇವವುಳಿದ ಕೆಸರಿನಲ್ಲಿಯೂ ಅದು ಬದುಕಬಲ್ಲುದು.

ಮೊದಲ ಮಳೆಗಳಲ್ಲಿ ಗಾಳ ಹಿಡಿಯಲು ಕಲಿಯತೊಡಗಿದಾಗ, ಕೊರವ ಮೇಲೆದ್ದ ಜಾಗದಲ್ಲಿ ಅಲೆಯನ್ನು ಕಂಡೊಡನೆ ನಾವೂ ದಡಕ್ಕೆ ಓಡಿದೆವು, ಮೀನು ಮಾಯವಾಯಿತು. ಕಾರಣವೇನು? ಗಾಳಿಯಿಂದ ನೀರಿಗಿಳಿಯುವ ಬೆಳಕು ಬಾಗುತ್ತದೆ. ತಿಳಿಯಾದ ನಿಶ್ಚಲ ನೀರಿನಲ್ಲಿ ಹೊರಗಿನ ದೃಶ್ಯವೆಲ್ಲವೂ ಮೀನಿಗೆ ತಲೆಯ ಮೇಲಿನ ಸುಮಾರು 97 ಡಿಗ್ರಿ ಅಗಲದ ವರ್ತುಲದೊಳಗೆ ಅಡಕವಾಗಿ ತೋರುತ್ತದೆ. ದಡದಲ್ಲಿ ನಿಂತವನು ಅದರಲ್ಲಿ ಎತ್ತರವಾಗಿ ಕಾಣುತ್ತಾನೆ. ದೂರದಲ್ಲಿ ತಗ್ಗಿ ಕುಳಿತವನು ಅಂಚಿನ ಗೆರೆಯಾಗಿ ಕುಗ್ಗುತ್ತಾನೆ. ಆದುದರಿಂದ ಹಿಂದೆ ಸರಿದು ಕುಳಿತು, ಕೊರವ ಹೊಂಚುಹಾಕುವ ಜೊಂಡಿನ ಅಂಚಿಗೆ ಗಾಳವನ್ನು ಎಸೆಯಬೇಕು.

ಆದರೆ ಮಳೆಗಾಲವೇ ಕೊರವನ ಸಂತಾನಕಾಲವೂ ಹೌದು. ಕೆಂಬಣ್ಣದ ಮರಿಗಳ ಹಿಂಡು ನೀರ ಮೇಲೆ ಕಂಡರೆ, ತಾಯಿತಂದೆಗಳು ಸಮೀಪದಲ್ಲಿಯೇ ಕಾವಲಿರುತ್ತವೆ. ಹತ್ತಿರ ಬಂದುದರ ಮೇಲೆ ಎರಗುವುದರಿಂದ ಅವನ್ನು ಆಗ ಹಿಡಿಯುವುದು ಬಲು ಸುಲಭ. ಕಾವಲು ತಪ್ಪಿದರೆ ಮರಿಗಳು ಇತರ ಮೀನುಗಳ ಪಾಲಾಗುತ್ತವೆ. ಅಲ್ಲಿ ಗಾಳವನ್ನು ಸುತ್ತಿಕೊಂಡು ಮುಂದೆ ನಡೆಯುವುದೇ ನಾವು ಕಲಿಯಬೇಕಾದ ಎರಡನೆಯ ಪಾಠ.