ಬಾಲ್ಯದ ಆಘಾತ: ಅಧ್ಯಾತ್ಮದ ಆಸರೆ ಮತ್ತು ಅದರ ಮಿತಿ

ಬಾಲ್ಯದಲ್ಲಿ ಅನುಭವಿಸಿದ ಹಿಂಸೆ, ನಿರ್ಲಕ್ಷ್ಯ ಅಥವಾ ಲೈಂಗಿಕ ದೌರ್ಜನ್ಯವು ನೆನಪಿನ ಜೊತೆಗೆ ಬೆಚ್ಚಿಬೀಳುವಿಕೆ, ನಿದ್ರಾಭಂಗಗಳ ರೂಪದಲ್ಲಿ ದೇಹದಲ್ಲಿಯೂ ಉಳಿಯುವುದರಿಂದ, ಅದರಿಂದ ಚೇತರಿಸಿಕೊಳ್ಳುವ ದಾರಿ ನೇರವಾಗಿರುವುದು ಅಪರೂಪ. ಅಮೆರಿಕದ ಮನೋವೈದ್ಯೆ ಜುಡಿತ್ ಹರ್ಮನ್ 1992ರ ತಮ್ಮ ಗ್ರಂಥದಲ್ಲಿ ಈ ಚೇತರಿಕೆಯನ್ನು ಸುರಕ್ಷತೆ, ಸ್ಮರಣೆ ಹಾಗೂ ಶೋಕ, ಬದುಕಿನೊಂದಿಗೆ ಮರುಸಂಬಂಧ ಎಂಬ ಮೂರು ಹಂತಗಳಲ್ಲಿ ವಿವರಿಸಿದರಾದರೂ, ಹಿಂದಿನ ಹಂತಕ್ಕೆ ಮರಳುವುದು ಸಹಜವೆಂದೂ ಗುರುತಿಸಿದರು.

ಈ ಚೇತರಿಕೆಯ ದಾರಿಯಲ್ಲಿ ಪ್ರಾರ್ಥನೆ, ಭಜನೆ, ಧ್ಯಾನಗಳು ಒಂಟಿತನವನ್ನು ತಗ್ಗಿಸಿ ದಿನಚರಿಗೆ ಒಂದು ಲಯವನ್ನು ಕೊಡುತ್ತವೆ. ಆದರೆ ಕಣ್ಣು ಮುಚ್ಚಿ ಉಸಿರನ್ನು ಗಮನಿಸುವ ಧ್ಯಾನವೇ ಕೆಲವರಲ್ಲಿ ‘ಮರುಅನುಭವ’ವನ್ನು, ಅಂದರೆ ಹಳೆಯ ಘಟನೆ ಈಗಲೇ ನಡೆಯುತ್ತಿದೆಯೆಂಬ ಭೀತಿಯನ್ನು, ಕೆರಳಿಸಬಲ್ಲದು. ಅಂಥವರು ಕಣ್ಣು ತೆರೆದು, ಪಾದಕ್ಕೆ ತಾಗಿದ ನೆಲದ ಕಡೆಗೆ ಗಮನವಿಟ್ಟು, ಅಲ್ಪಾವಧಿ ಅಭ್ಯಾಸ ಮಾಡುವುದು ಮೇಲು.

ನೋವನ್ನು ಎದುರಿಸದೆ ಸಾಧನೆಯ ಮರೆಯಲ್ಲಿ ಅಡಗುವ ಪ್ರವೃತ್ತಿಯನ್ನು ಮನಶ್ಶಾಸ್ತ್ರಜ್ಞ ಜಾನ್ ವೆಲ್‌ವುಡ್ 1980ರ ದಶಕದಲ್ಲಿಯೇ ಗುರುತಿಸಿ ಹೆಸರಿಸಿದ್ದರು. ಅದನ್ನು ‘ಆಧ್ಯಾತ್ಮಿಕ ಪಲಾಯನ’ ಎನ್ನಬಹುದು. ಎಲ್ಲವೂ ಪೂರ್ವಕರ್ಮ, ಕ್ಷಮಿಸಿಬಿಡಿ ಎಂಬ ಅವಸರದ ಉಪದೇಶವೂ (ನಮ್ಮ ಸತ್ಸಂಗಗಳಲ್ಲಿ ಇದಕ್ಕೆ ಬರವಿಲ್ಲ) ಇದೇ ಜಾತಿಯದು, ಏಕೆಂದರೆ ಅದು ತಪ್ಪಿನ ಹೊರೆಯನ್ನು ಮಗುವಿನ ಮೇಲೆಯೇ ಹೊರಿಸುತ್ತದೆ. ಲಕ್ಷಣಗಳು ಮರುಕಳಿಸಿದಾಗ ಭಕ್ತಿ ಸಾಲದಾಯಿತೆಂದು ಕೊರಗುವುದಕ್ಕಿಂತ, ಸಾಧನೆಯನ್ನು ಹಗುರಗೊಳಿಸಿ, ನಿದ್ರೆ ಮತ್ತು ಸುರಕ್ಷತೆಯನ್ನು ಮೊದಲು ಸರಿಪಡಿಸಿಕೊಂಡು, ಆಪ್ತಸಮಾಲೋಚಕರನ್ನು ಅಥವಾ ಮನೋವೈದ್ಯರನ್ನು ಕಾಣುವುದು ಹೆಚ್ಚು ಪ್ರಯೋಜನಕಾರಿ.